ನಾಲ್ಕು ಇಂಚಿನ ಜಾಗ

ಬೆಂಕಿಯಲ್ಲಿ ಬಿಸುಪಾಗಿ, ನೀರಿನಲ್ಲಿ ತಂಪಾಗಿ, ಎರಡೂ ಕೂಡಿದಲ್ಲಿ ಆವಿಯಾಗಿ ಮೇಲೇಳುವ ಪರಶಿವನೇ, ನಿನಗೆ ಶರಣು. ಗುಡಿ ಕಟ್ಟಿ ಬಾಗಿಲಿಟ್ಟವರು ಮನುಷ್ಯರು. ನೀನು ಬಾಗಿಲನ್ನೇ ಅರಿಯದ ಬಯಲು. ಮಂತ್ರ ಬಲ್ಲವನ ನಾಲಿಗೆಯಲ್ಲಿ ಒಮ್ಮೊಮ್ಮೆ ಇರುವೆ. ಕಬ್ಬಿಣ ಹೊತ್ತವನ ಹೆಗಲಿನಲ್ಲಿ ಸದಾ ಇರುವೆ. ಈ ಕಥೆ ಹೇಳುವ ಬಾಯಿಗೆ ಸುಳ್ಳು ತಾಗದಿರಲಿ. ಕೇಳುವ ಕಿವಿಗೆ ಬೇಸರ ತಾಗದಿರಲಿ. ಸಿಟ್ಟು ಬರಬೇಕಾದಲ್ಲಿ ಸಿಟ್ಟು ಬರಲಿ. ನಗು ಬಂದರೆ, ತಂದೆಯೇ, ಅದನ್ನೂ ತಡೆಯಬೇಡ.

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟರೆ ಮಚ್ಛೆ ಸಿಗುತ್ತದೆ. ಎಂಬತ್ತೆರಡನೆಯ ಇಸವಿಯಲ್ಲಿ ಅಲ್ಲಿ ಬಾಳಾಸಾಹೇಬರ ಗಂಜಿ ಕಾರ್ಖಾನೆಯಿತ್ತು. ಗೋವಿನಜೋಳವನ್ನು ನೆನೆಸಿ, ಅರೆದು, ಸೋಸಿ, ಉಗಿಯ ಬಿಸಿಯಲ್ಲಿ ಒಣಗಿಸಿ, ಬಂದ ಬಿಳಿಯ ಹಿಟ್ಟನ್ನು ಮಗ್ಗದವರಿಗೆ ಮಾರುವುದು ಅದರ ಉದ್ಯೋಗ. ಹಿಟ್ಟು ಬಲು ಬಿಳುಪು. ಆ ಬಿಳುಪಿನ ಬಗ್ಗೆ ಬಾಳಾಸಾಹೇಬರಿಗೆ ಬಲು ಅಭಿಮಾನ.

ಕಾರ್ಖಾನೆಗೆ ಎರಡು ಬಾಗಿಲುಗಳಿದ್ದವು. ಮುಂದಿನದು ದೊಡ್ಡ ಗೇಟು. ಅದರ ಒಳಮಗ್ಗುಲಲ್ಲಿ ಈಶ್ವರನ ಪುಟ್ಟ ಗುಡಿ. ಹಿಂದಿನದು ಬೂದಿ ಬಾಗಿಲು. ಬಾಯ್ಲರಿನ ಬೂದಿಯನ್ನು ಬುಟ್ಟಿಯಲ್ಲಿ ಹೊತ್ತು ಹಾಕುವ ದಾರಿ. ಬೂದಿ ಆ ಬಾಗಿಲಿನಿಂದ ಹೊರಗೆ ಬರುತ್ತಿತ್ತು. ಖಾನಾಪುರದ ಸಮಗಾರ ಓಣಿಯ ಹದಿನಾರು ಮಂದಿ ಅದೇ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. ಗುಡಿಯ ಮುಂದೆ ಅವರು ಹಾಯಬಾರದಂತೆ. ಇದನ್ನು ಯಾರೂ ಬರೆದು ಅಂಟಿಸಿರಲಿಲ್ಲ. ಬರೆಯದೆ ನಡೆಯುವ ಕಾನೂನು ಬರೆದದ್ದಕ್ಕಿಂತ ಗಟ್ಟಿ.

ಅವರು ಬರುತ್ತಿದ್ದುದು ಸರಕಾರಿ ಬಸ್ಸಿನಲ್ಲಿ. ಬಸ್ಸಿನಲ್ಲಿ ಎಲ್ಲರ ಪಕ್ಕದಲ್ಲಿ ಎಲ್ಲರೂ ಕುಳಿತಿರುತ್ತಿದ್ದರು. ಕಾರ್ಖಾನೆಯ ನಿಲ್ದಾಣದಲ್ಲಿ ಇಳಿದ ಕೂಡಲೇ ಕೆಲವರು ನೇರ ನಡೆಯುವರು, ಹದಿನಾರು ಮಂದಿ ಗೋಡೆಯ ಗುಂಟ ಅರ್ಧ ಫರ್ಲಾಂಗು ಸುತ್ತುವರು. ಬಾಯಾರಿದರೆ ಬೊಗಸೆಯೊಡ್ಡಬೇಕು, ಮೇಲಿನಿಂದ ನೀರು ಬೀಳುತ್ತದೆ. ಬಾಳಾಸಾಹೇಬರ ಆಫೀಸಿನ ಗೋಡೆಯ ಮೇಲೆ ಬಸವಣ್ಣನವರ ಪಟವಿತ್ತು. ದಿನಾ ಊದಿನಕಡ್ಡಿ, ದಿನಾ ಹೂವು. ಪಟದಲ್ಲಿದ್ದವರು ಎದ್ದು ಬಂದಿದ್ದರೆ ಆ ಹದಿನಾರು ಮಂದಿಯ ಹಿಂದೆಯೇ ಗೋಡೆ ಸುತ್ತಿ ಬರುತ್ತಿದ್ದರು. ಅದು ಪಟದ ಮುಂದೆ ಕೈಮುಗಿದವರಿಗೆ ತಿಳಿದಿರಲಿಲ್ಲ.

ಆ ಹದಿನಾರರಲ್ಲಿ ಒಬ್ಬ ಉಳವಪ್ಪ. ಪೈಪಿನ ಫಿಟ್ಟರ್. ವಯಸ್ಸು ನಲವತ್ತರ ಆಚೆ ಈಚೆ. ಅವನ ಅಜ್ಜ ಬೀಡಿ ಎಂಬ ಊರಿನ ಕಮ್ಮಾರರಿಗೆಲ್ಲ ತೊಗಲಿನ ತಿದಿ ಹೊಲಿದು ಕೊಟ್ಟವನು. ತಿದಿ ಹಿಗ್ಗಿ ಕುಗ್ಗಿದರೆ ತಾನೆ ಕುಲುಮೆಗೆ ಉಸಿರು? ತೊಗಲಿನ ಮಡಿಕೆ ಎಲ್ಲಿ ಬರಬೇಕು, ಎಷ್ಟು ಬರಬೇಕು ಎಂಬುದು ಉಳವಪ್ಪನಿಗೆ ಹಾಲಿನ ಜೊತೆಗೇ ಬಂದ ವಿದ್ಯೆ. ಸಕ್ಕರೆ ಕಾರ್ಖಾನೆಯೊಂದರಲ್ಲಿ ಹತ್ತು ವರ್ಷ ಪೈಪು ಹೊತ್ತು, ವೆಲ್ಡಿಂಗ್ ಕಲಿತು, ಮಚ್ಛೆಗೆ ಬಂದಿದ್ದ. ಹೆಂಡತಿ ಸಾತವ್ವ ಅದೇ ಕಾರ್ಖಾನೆಯ ಒಣಗಿಸುವ ಶೆಡ್ಡಿನಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

ಹಿಂದಿನ ವರ್ಷ ಬಾಯ್ಲರ್ ಮನೆಯಿಂದ ಶೆಡ್ಡಿಗೆ ಇನ್ನೂರು ಅಡಿ ಉದ್ದದ ಉಗಿಯ ಪೈಪು ಎಳೆದಿದ್ದರು. ನಕ್ಷೆ ಮ್ಯಾನೇಜರ್ ಗುರುಪಾದಪ್ಪನವರದು. ಗೆರೆಯೆಂದರೆ ಗೆರೆ, ಬಾಣದ ಹಾಗೆ ನೇರ. ಉಳವಪ್ಪ ಆಗಲೇ ಅಂದಿದ್ದ:

"ಸಾಹೇಬ್ರ, ಪೈಪ ಕಾದ್ರ ಬೆಳಿತೈತ್ರಿ. ಬೆಳ್ಯಾಕ ಜಾಗಾ ಬಿಡಬೇಕು."

"ಬೆಳ್ಯಾಕ ಅದೇನ ಜ್ವಾಳದ ದಂಟೇನೋ? ನೀರ ಹಾಕಿ ಗೊಬ್ಬರಾನೂ ಹಾಕೂಣೇನು?" ಎಂದು ಗುರುಪಾದಪ್ಪ ನಕ್ಕಿದ್ದರು. ಕೇಳಿದವರೆಲ್ಲ ನಕ್ಕಿದ್ದರು.

ಮೂರನೆಯ ದಿನ ಉಗಿ ಬಿಟ್ಟಾಗ ಪೈಪು ಬೆಳೆಯಿತು. ಜಾಗವಿಲ್ಲದೆ ಗೋಡೆಯನ್ನು ಗುದ್ದಿತು. ಜೋಡಣೆ ಬಿಚ್ಚಿ ಉಗಿ ಹಾರಿ ಉಳವಪ್ಪನ ಎಡಗೈಯ ಚರ್ಮ ಸುಲಿಯಿತು. ಕೈಗೆ ಬಟ್ಟೆ ಸುತ್ತಿಕೊಂಡು ಬಂದವನನ್ನು ಗುರುಪಾದಪ್ಪ ಎಲ್ಲರೆದುರು ಬಿಸಿಲಲ್ಲಿ ನಿಲ್ಲಿಸಿದರು. "ವೆಲ್ಡಿಂಗ್ ನಂದ ತಪ್ಪಾತು ಅನ್ನು" ಎಂದರು. ಅವನು ಅಂದ. ಎರಡು ಸಲ ಅನ್ನಿಸಿದರು. ಎರಡು ಸಲ ಅಂದ. ಹೊಟ್ಟೆ ಅನ್ನಿಸಿತು, ಬಾಯಿ ಅಂದಿತು. ಸುಟ್ಟ ಕೈ ಎರಡು ತಿಂಗಳಿಗೆ ಮಾಯಿತು. ಅಂದ ಮಾತು ಮಾಯಲಿಲ್ಲ.

ಆಮೇಲೆ ಬಾಯ್ಲರ್ ತಪಾಸಣೆಯ ಅಧಿಕಾರಿ ಬಂದು ಪೈಪನ್ನು ತುದಿಯಿಂದ ತುದಿಗೆ ನೋಡಿ, "ಬೆಲ್ಲೋಸ್ ಎಲ್ಲಿ?" ಎಂದು ಕೇಳಿದರು. ಗುರುಪಾದಪ್ಪ ಅತ್ತಿತ್ತ ನೋಡಿದರು. ಬೆಲ್ಲೋಸ್ ಎಂಬ ಕೂಲಿಯವನೊಬ್ಬ ಇದ್ದು, ಆ ದಿನ ರಜೆ ಹಾಕಿದ್ದಾನೇನೋ ಎಂಬಂತೆ. ಅಧಿಕಾರಿ ಹೋದ ಮೇಲೆ ಉಳವಪ್ಪನಿಗೆ ಕರೆ ಬಂತು.

ನಕ್ಷೆಯ ಮೇಜು ಆಫೀಸಿನಲ್ಲಿತ್ತು. ಉಳವಪ್ಪ ಆಫೀಸಿನ ಹೊಸ್ತಿಲು ದಾಟುವಂತಿರಲಿಲ್ಲ. ಹಾಗಾಗಿ ಅಂಗಳದ ಹಾಸುಗಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಸೀಮೆಸುಣ್ಣದಲ್ಲಿ ಬರೆದ. ಗುರುಪಾದಪ್ಪ ಮೇಲೆ ನಿಂತು ಕಾಗದಕ್ಕೆ ಇಳಿಸಿಕೊಂಡರು.

"ಇನ್ನೂರ ಅಡಿ ಪೈಪ ಐತ್ರಿ. ನಮ್ಮ ಉಗಿಯ ಕಾವಿಗೆ ನಾಕ ಇಂಚ ಬೆಳಿತೈತಿ. ಎರಡ ಕಡೆ ಎರಡ ಬೆಲ್ಲೋಸ್ ಕುಂದರಸೂಣು. ಒಂದೊಂದು ಎರಡೆರಡ ಇಂಚ ನುಂಗತೈತಿ. ಎರಡೂ ತುದಿ, ಮತ್ತ ನಟ್ಟನಡುವ, ಹಿಂಗ ಮೂರ ಕಡೆ ಕಂಬಕ್ಕ ಗಟ್ಟಿ ಕಟ್ಟಬೇಕು. ಉಳದ ಕಂಬದ ಮ್ಯಾಲೆ ಪೈಪ ಜಾರಬೇಕ್ರಿ, ಹೆಡಿ ಮಾತ್ರ ಎತ್ತಬಾರದು."

"ಇದ ಯಾರ ಹೇಳ್ಯಾರ ನಿನಗ?"

"ನಮ್ಮ ಅಜ್ಜನ ತಿದಿ ಹೇಳೇತ್ರಿ. ತಿದಿಗಿ ಹಗ್ಗಾ ಬಿಗದ್ರ ಊದತೈತೇನ್ರಿ?"

ಗುರುಪಾದಪ್ಪ ಬರೆದುಕೊಂಡರು. ಕೆಳಗೆ ಸಹಿ ಹಾಕಿದರು. ಸಹಿ ಅವರದೇ. ಸಂಜೆ ಮಳೆ ಬಂದು ಹಾಸುಗಲ್ಲು ತೊಳೆದುಹೋಯಿತು.

ಪುಣೆಯಿಂದ ಲಾರಿಯಲ್ಲಿ ಬೆಲ್ಲೋಸ್ ಬಂದವು. ತೆಳು ಉಕ್ಕಿನ ಮಡಿಕೆ ಮಡಿಕೆಯ ಕೊಳವೆಗಳು. ದಾರಿಯಲ್ಲಿ ಅಲುಗಿ ಮಡಿಕೆ ಕೆಡಬಾರದೆಂದು ಒಂದೊಂದರ ಸುತ್ತ ನಾಲ್ಕು ನಾಲ್ಕು ಹಳದಿ ಸರಳು ಬಿಗಿದು ಕಳಿಸಿದ್ದರು. ಕೂರಿಸಿದ ಮೇಲೆ, ಉಗಿ ಬಿಡುವ ಮುನ್ನ, ಆ ಎಂಟೂ ಸರಳು ತೆಗೆಯಲೇಬೇಕು. ತೆಗೆಯದಿದ್ದರೆ ಬೆಲ್ಲೋಸ್ ಇದ್ದೂ ಇಲ್ಲದಂತೆ. ಇದೊಂದು ಮಾತು ಕೇಳುವವರ ನೆನಪಿನಲ್ಲಿರಲಿ.

ಕೆಲಸ ನಲವತ್ತು ದಿನ ನಡೆಯಿತು. ಕಂಬಕ್ಕೆ ಆಳುದ್ದ ಗುಂಡಿ ತೋಡಿದರು. ಕೆಳಗೆ ಕಲ್ಲು ಸಿಕ್ಕಿತು. ಹಾರೆಯಲ್ಲಿ ಒಡೆದರು. ಅಂಗೈ ಬೊಬ್ಬೆಯೆದ್ದಿತು, ಒಡೆಯಿತು, ಮತ್ತೆ ಎದ್ದಿತು. ಇಪ್ಪತ್ತು ಅಡಿಯ ಪೈಪುಗಳು, ಒಂದೊಂದೂ ಒಬ್ಬ ಆಳಿಗಿಂತ ಭಾರ. ಹೆಗಲಿಗೆ ಗೋಣಿಯ ಸಿಂಬಿಯಿಟ್ಟು ಇಬ್ಬಿಬ್ಬರು ಹೊತ್ತರು. ಉಳವಪ್ಪ ಹನ್ನೆರಡು ಅಡಿ ಎತ್ತರದಲ್ಲಿ ಕಂಬಕ್ಕೆ ಕಾಲು ಸುತ್ತಿ ಕುಳಿತು ಬೆಸುಗೆ ಹಾಕಿದ. ಕಣ್ಣು ಕೆಂಡವಾಯಿತು. ಕಿಡಿ ಬಿದ್ದರೆ ಬೆಲ್ಲೋಸಿನ ಮಡಿಕೆ ತೂತಾಗುತ್ತದೆಂದು ಒದ್ದೆ ಗೋಣಿ ಹೊದಿಸಿದ. ಕಿಡಿಗಳು ತನ್ನ ತೊಡೆಯ ಮೇಲೆ ಬಿದ್ದವು. ತನಗೆ ಹೊದಿಸಿಕೊಳ್ಳಲು ಇನ್ನೊಂದು ಗೋಣಿ ಇರಲಿಲ್ಲ.

ಕೆಳಗಿನಿಂದ ಕಲಂದರಸಾಬ ಕೂಗುತ್ತಿದ್ದ. ಅವನು ಬೆಳಗಾವಿಯ ದಂಡಿನ ಪ್ರದೇಶವಾದ ಕ್ಯಾಂಪಿನವನು. ಬಾಯ್ಲರ್ ನಡೆಸುವ ಪರವಾನಗಿ ಇದ್ದವನು ಕಾರ್ಖಾನೆಯಲ್ಲಿ ಅವನೊಬ್ಬನೇ.

"ಅರೆ ಉಳವಪ್ಪಾ! ಗೋಣಿ ಹೊದಿಸಿ, ಜೋಗುಳಾನೂ ಹಾಡಬೇಡೋ ಮಾರಾಯಾ, ಮಕ್ಕೊಂಡ ಬಿಟ್ಟೀತು!"

"ಎಬ್ಬಸವಾ ನೀನ ಅಲ್ಲೇನೋ, ನಿನ್ನ ಉಗಿ ಬರಲಿ!"

ಇಬ್ಬರೂ ಬಾಯ್ಲರಿನ ಹಿಂದೆ ಒಂದೇ ಡಬ್ಬಿಯಿಂದ ರೊಟ್ಟಿ ತಿನ್ನುವರು. ಆ ಸಂಗತಿ ಎಲ್ಲರಿಗೂ ಗೊತ್ತಿತ್ತು, ಯಾರೂ ಕಂಡಿರಲಿಲ್ಲ.

ಜೋಯಿಸರು ಉಗಿ ಬಿಡಲು ಮುಹೂರ್ತ ಕೊಟ್ಟರು. ಖಂಡೇನವಮಿ, ಹಗಲು ಹನ್ನೊಂದು ಗಂಟೆ. ಅಂದು ಆಯುಧಗಳ ಪೂಜೆ. ಹಲಗೆಯ ಮೇಲೆ ಹತಾರಗಳನ್ನು ಸಾಲಾಗಿಟ್ಟು, ವಿಭೂತಿ ಕುಂಕುಮ ಹಚ್ಚಿ, ಹೂವೇರಿಸಿದರೆ ಮರುದಿನ ದಶಮಿಯವರೆಗೆ ಅವನ್ನು ಮುಟ್ಟುವಂತಿಲ್ಲ. ಹಿಂದಿನ ಸಂಜೆ ಗುರುಪಾದಪ್ಪ ಉಳವಪ್ಪನ ಪಾನಾಗಳನ್ನೆಲ್ಲ ಪೂಜೆಗೆಂದು ತರಿಸಿಕೊಂಡರು. ಪಾನಾ ಎಂದರೆ ನಟ್ಟು ಬಿಚ್ಚುವ ಹತಾರ.

"ಸರಳ ತೆಗಿಯೂದ ಉಳದೈತ್ರಿ" ಎಂದ ಉಳವಪ್ಪ.

"ನಾಳೆ ಮುಂಜಾನೆ ತೆಗಿಯಂತಿ, ಹೋಗು."

ಮುಂಜಾನೆ ಬಂದರೆ ಬೂದಿ ಬಾಗಿಲಿಗೂ ಒಳಗಿನಿಂದ ಅಗಳಿ. ಕಿಂಡಿಯಲ್ಲಿ ಗುರುಪಾದಪ್ಪನವರ ಮುಖ ಕಾಣಿಸಿತು. ಹಣೆಯ ತುಂಬ ವಿಭೂತಿ.

"ಪೂಜಿ ಆಗೇತಿ. ಪೈಪಿಗೂ ಆಗೇತಿ. ಇನ್ನ ನೀ ಅದನ್ನ ಮುಟ್ಟಂಗಿಲ್ಲ. ಉಗಿ ಬಿಟ್ಟ ಮ್ಯಾಲೆ ನಿಮ್ಮ ಹೆಣ್ಮಕ್ಕಳನ್ನ ಶೆಡ್ಡಿಗೆ ಕರೀತೀನಿ, ಅಲ್ಲೀತನಕಾ ಇಲ್ಲೇ ಕುಂದರ್ರಿ."

"ಸರಳರೀ?"

"ಇರಲಿ ಬಿಡೋ! ಬೆಳ್ಳಿ ಬಣ್ಣಾ ಹೊಡಿಸೇನಿ, ಹಾರಾ ಹಾಕೇನಿ. ನಾಕ ಕೈ ದೇವಿ ಕುಂತಂಗ ಕಾಣತೈತಿ. ಸಾವಕಾರ್ರು ಭಾಳ ಖುಷ್ ಆಗ್ಯಾರ. ಮತ್ತ ಗಟ್ಟಿನೂ ಆತಲ್ಲ!"

ಕಿಂಡಿ ಮುಚ್ಚಿತು.

ಉಳವಪ್ಪ ಬೂದಿಗುಡ್ಡೆಯ ಪಕ್ಕದ ಕಲ್ಲಿನ ಮೇಲೆ ಕುಳಿತ. ಸಾತವ್ವ ಎದುರಿಗೆ ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಅದು ಒಳ್ಳೆಯ ಸೂಚನೆಯಲ್ಲವೆಂದು ಅವನು ಬಲ್ಲ.

"ಸರಳ ಇದ್ದಂಗನ ಉಗಿ ಬಿಟ್ರ ಏನಾಕ್ಕೈತಿ?"

"ಹೋದ ವರ್ಷ ಆಗಿದ್ದ ಆಕ್ಕೈತಿ. ಈ ಸಲಾ ಶೆಡ್ಡಿನ ಮ್ಯಾಲ ಹರೀತೈತಿ."

"ಶೆಡ್ಡಿನ್ಯಾಗ ನಾ ಇರತೇನಿ. ಹೋದ ಸಲಾ ನಿನ್ನ ಕೈ ಸುಟ್ಟು ನಿನ್ನ ಬಾಯಿಲೇ ತಪ್ಪಾತು ಅನ್ನಿಸಿದ್ರು. ಈ ಸಲಾ ನನ್ನ ಸುಟ್ಟು ಏನ ಅನ್ನಸ್ತಾರ? 'ಹೇಣ್ತಿ ನಂದ ತಪ್ಪಾತು' ಅಂತೀಯೇನು?"

ಅಷ್ಟರಲ್ಲಿ ಗೋಡೆಯಾಚೆ ಬಾಯ್ಲರಿನ ಸದ್ದು ಏರಿತು.

ಒಳಗೆ ಹನ್ನೊಂದು ಹೊಡೆಯಿತು. ಅತಿಥಿಗಳು ಕುರ್ಚಿಗಳಲ್ಲಿ ಕುಳಿತಿದ್ದರು. ಬುಂದೇಲಾಡುವಿನ ಬುಟ್ಟಿಗಳು ಸಿದ್ಧವಾಗಿದ್ದವು. ಬಾಳಾಸಾಹೇಬರು ರೇಶಿಮೆಯ ಧೋತರ ಉಟ್ಟು ಕೈ ಎತ್ತಿದರು. ಕಲಂದರಸಾಬ ಉಗಿಯ ಚಕ್ರಕ್ಕೆ ಬೆನ್ನು ಕೊಟ್ಟು, ಕೈಕಟ್ಟಿ ನಿಂತ.

"ಬಿಡೋ ಕಲಂದರಾ!" ಎಂದು ಗುರುಪಾದಪ್ಪ ಕೂಗಿದರು.

"ಬಿಡಂಗಿಲ್ರಿ. ಸರಳ ಬಿಚ್ಚಿಲ್ಲ."

"ಹುಕುಂ ಐತಿ!"

"ಹುಕುಂ ನಿಮ್ಮದರಿ, ಲೈಸನ್ಸ್ ನಂದರಿ. ಪೈಪ ಹರದ ಮಂದಿ ಸತ್ರ ಜೇಲಿಗೆ ಹುಕುಂ ಹೋಗತೈತೇನು? ಲೈಸನ್ಸ್ ಹೋಗತೈತಿ. ಚೀಟಿ ಓದ್ರಿ ಸಾಹೇಬ್ರ, ಹಾರದ ಬುಡಕ ಐತಿ."

ಗುರುಪಾದಪ್ಪ ಏಣಿ ಹತ್ತಿ, ಚೆಂಡುಹೂವಿನ ಹಾರ ಸರಿಸಿ, ಚೀಟಿ ಓದಿದರು. ಪುಣೆಯವರು ಕೆಂಪಕ್ಷರದಲ್ಲಿ ಬರೆದಿದ್ದರು: ಬಿಸಿ ಮಾಡುವ ಮೊದಲು ಸರಳು ತೆಗೆಯತಕ್ಕದ್ದು. ಅವರ ಮುಖ ಗಂಜಿಯ ಬಣ್ಣಕ್ಕೆ ತಿರುಗಿತು. ಸ್ಕೂಟರಿನ ಡಬ್ಬಿಯಿಂದ ಸಣ್ಣ ಪಾನಾ ತಂದು ತಾವೇ ನಟ್ಟಿಗೆ ಹಾಕಿದರು. ಆನೆಯ ಕಾಲಿಗೆ ಮಗುವಿನ ಗೆಜ್ಜೆ ತೊಡಿಸಿದಂತಾಯಿತು. ಪಾನಾ ಜಾರಿ ಪುರೋಹಿತರ ತಾಮ್ರದ ಕೊಡಕ್ಕೆ ಬಿದ್ದು ಟಣ್ ಎಂದಿತು. ಅತಿಥಿಗಳು ಅದೂ ಪೂಜೆಯ ಭಾಗವೆಂದು ಕೈಮುಗಿದರು.

ಬೇರೆ ಫಿಟ್ಟರನ್ನು ತರಲು ಬೆಳಗಾವಿಯ ಕಾರ್ಖಾನೆಗಳ ಬಡಾವಣೆಯಾದ ಉದ್ಯಮಬಾಗಕ್ಕೆ ಸ್ಕೂಟರ್ ಓಡಿತು, ಖಾಲಿಯೇ ಮರಳಿತು. ಊರಿನ ಪಾನಾಗಳೆಲ್ಲ ಅಂದು ಹಲಗೆಯ ಮೇಲೆ ಹೂವೇರಿಸಿಕೊಂಡು ಕುಳಿತಿದ್ದವು. ಖಂಡೇನವಮಿಯ ದಿನ ಹತಾರ ಎತ್ತಲು ಯಾವ ಮಿಸ್ತ್ರಿಯೂ ಒಪ್ಪಲಿಲ್ಲ. ಅಷ್ಟರಲ್ಲಿ ಬಾಯ್ಲರಿನಲ್ಲಿ ಒತ್ತಡ ತುಂಬಿ, ಮೇಲಿನ ರಕ್ಷಣೆಯ ಮುಚ್ಚಳ ತಾನಾಗಿ ತೆರೆದು 'ಭೋಂ' ಎಂದು ಕೂಗಿತು. ಒಬ್ಬ ಅತಿಥಿಯ ಟೊಪ್ಪಿಗೆ ಬಿತ್ತು. ಲಾಡು ಮೊದಲೇ ಹಂಚಿಬಿಡಿ ಎಂದು ಬಾಳಾಸಾಹೇಬರು ಸನ್ನೆ ಮಾಡಿದರು.

ಬೂದಿ ಬಾಗಿಲಿನ ಅಗಳಿ ತೆರೆಯಿತು. ಗುರುಪಾದಪ್ಪ ಹೊರಗೆ ಬಂದರು. ಈ ಸಲ ದನಿ ಬೆಣ್ಣೆ.

"ಉಳವಪ್ಪಾ, ಬಾರೋ ತಮ್ಮಾ. ಮಂದಿ ಲಾಡು ತಿನ್ನಾಕ ಹತ್ಯಾರ. ಈ ಬಾಗಲದಾಗಿಂದ ಸಟ್ಟನ ಬಂದು, ಗ್ವಾಡಿ ಗುಂಟ ಹೋಗಿ, ಬಿಚ್ಚಿ ಬಂದಬಿಡು. ಪಾನಾ ನಾನ ತಂದ ನೆಲದ ಮ್ಯಾಲೆ ಇಡತೇನಿ. ಯಾರಿಗೂ ಗೊತ್ತಾಗೂದು ಬ್ಯಾಡ."

ಉಳವಪ್ಪ ಎದ್ದ. ಅಭ್ಯಾಸದಿಂದ ಕಾಲು ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟೇಬಿಟ್ಟಿತು. ನಲವತ್ತು ವರ್ಷ ಬಗ್ಗಿದ ಕಾಲು. ಅವನು ಆ ಕಾಲನ್ನು ನೋಡಿದ. ಹಿಂದಕ್ಕೆ ಎಳೆದುಕೊಂಡ.

"ಬರಂಗಿಲ್ಲ."

"ಏನಂದಿ?"

"ಈ ಬಾಗಲಾ ಬೂದಿಗಿ ಐತಿ. ನಾ ಬೂದಿ ಅಲ್ಲ. ದೊಡ್ಡ ಗೇಟಿನಿಂದ ಬರತೇನಿ. ನನ್ನ ಪಾನಾ ಹಲಗಿ ಮ್ಯಾಲಿಂದ ನನ್ನ ಕೈಲೇ ತಗೋತೇನಿ. ಎಲ್ಲಾರೂ ನೋಡಬೇಕು."

"ತಲಿ ನೆಟ್ಟಗ ಐತೇನಲೇ? ಗುಡಿ ಐತಿ ಅಲ್ಲಿ! ಪೂಜಿ ಆದ ಹತಾರಾ ಇವತ್ತ ಎತ್ತಬಾರದು!"

"ಹಂಗಿದ್ರ ನಾಳಿಗಿ ಬರತೇನಿ" ಎಂದು ಉಳವಪ್ಪ ಮತ್ತೆ ಕಲ್ಲಿನ ಮೇಲೆ ಕುಳಿತ.

"ಭೋಂ" ಎಂದಿತು ಬಾಯ್ಲರ್.

ಬಾಳಾಸಾಹೇಬರೇ ಬಂದರು. ರೇಶಿಮೆಯ ಅಂಚು ಬೂದಿಗೆ ತಾಗದಂತೆ ಎತ್ತಿ ಹಿಡಿದಿದ್ದರು. ಅವರು ಒರಟು ಮನುಷ್ಯರಲ್ಲ. ಒರಟಿಲ್ಲದೆ ತುಳಿಯಬಲ್ಲವರು.

"ಉಳವಪ್ಪಾ, ನಿಮ್ಮ ಮ್ಯಾಲೆ ನಾ ಎಂದರ ಕೈ ಎತ್ತೇನೇನು? ನಾವು ಬಸವಣ್ಣನ ಮಂದಿ. ಕಾಯಕಾ ಅಂದ್ರ ನಮಗ ಪೂಜಿ."

"ಖರೇ ಐತ್ರಿ ಸಾವಕಾರ್ರ. ಕಾಯಕಕ್ಕ ಪೂಜಿ ಮಾಡೀರಿ. ಮಾಡಿದವನ್ನ ಬೂದಿಗುಡ್ಡಿ ಬಾಜು ಕುಂದರಿಸೀರಿ."

"ನಾಳಿಂದ ನಿನಗ ಕೆಲಸಾ ಇರಂಗಿಲ್ಲ, ನೋಡು."

ಉಳವಪ್ಪನಿಗೆ ಖಾನಾಪುರದ ಮನೆಯ ಒಲೆ ಕಣ್ಣಮುಂದೆ ಬಂತು. ಆಗ ಸಾತವ್ವ ಮುಂದೆ ಬಂದಳು.

"ನಾಳಿಂದಲ್ರಿ ಯಪ್ಪಾ, ಇವತ್ತಿಂದನ ಇಲ್ಲ. ನಾವೂ ಬರಂಗಿಲ್ಲ. ಹದಿನಾರ ಮಂದಿ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊಂಟೀವಿ. ಹಿಟ್ಟು ನೀವ ಜರಡಿ ಹಿಡೀರಿ. ಧೋತರಾ ಬೆಳ್ಳಗ ಐತಿ, ಹೊಂದತೈತಿ."

ಓಣಿಯ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡರು. ನಗು ಸೆರಗಿನೊಳಗೆ ನಿಲ್ಲಲಿಲ್ಲ. "ಭೋಂ" ಎಂದು ಬಾಯ್ಲರೂ ಜೊತೆಗೂಡಿತು. ಬಾಳಾಸಾಹೇಬರು ಗಡಿಯಾರ ನೋಡಿದರು. ಮುಹೂರ್ತ ಮುಗಿಯಲು ಹನ್ನೆರಡು ನಿಮಿಷವಿತ್ತು.

"ಇವತ್ತ ಒಂದ ದಿನಾ" ಎಂದರು. "ಇವತ್ತ ಒಂದ ದಿನದ ಮಟ್ಟಿಗಿ ಮಾತ್ರ."

ಉಳವಪ್ಪ ಗೋಡೆಯ ಗುಂಟ ತಿರುಗಿ ನಡೆದ. ಓಡಲಿಲ್ಲ. ದೊಡ್ಡ ಗೇಟು ತೆರೆಯಿತು. ಗುಡಿಯ ಮುಂದೆ ಹಾಯುವಾಗ ಕೈಮುಗಿದ. ಒಳಗಿದ್ದ ಲಿಂಗ ಎದ್ದು ಓಡಿಹೋಗಲಿಲ್ಲ. ಇದನ್ನು ಅಲ್ಲಿದ್ದ ನೂರು ಮಂದಿ ಕಣ್ಣಾರೆ ಕಂಡರು. ಹಲಗೆಯ ಮೇಲಿನಿಂದ ಪಾನಾ ಎತ್ತಿಕೊಂಡಾಗ ಕುಂಕುಮ ಅವನ ಅಂಗೈಗೆ ಹತ್ತಿತು. ಪುರೋಹಿತರು ಕಣ್ಣು ಮುಚ್ಚಿದರು. ದೇವರಿಗಲ್ಲ, ತಮಗೇ ಕಷ್ಟವಾಗಿತ್ತು. ಆಯುಧಕ್ಕೆ ಅದರ ಕೆಲಸವನ್ನು ಕೊಡುವುದಕ್ಕಿಂತ ದೊಡ್ಡ ಪೂಜೆ ಯಾವ ಆಗಮದಲ್ಲಿದೆ?

ಅವನು ಏಣಿ ಹತ್ತಿದ. ಒಂದು ಸರಳು ಬಂತು. ಎರಡು. ಮೂರು. ಬೆಳ್ಳಿ ಬಣ್ಣ ನಟ್ಟಿನ ಸಂದಿಗೆ ಇಳಿದು ಒಣಗಿತ್ತು. ತೋಳಿನ ನರ ಹಗ್ಗದಂತೆ ಎದ್ದಿತು. ಸುಟ್ಟ ಕಲೆಯ ಕೈಯೇ ಹೆಚ್ಚು ಬಲ ಹಾಕಿತು. ಎಂಟನೆಯ ಸರಳನ್ನು ಕೆಳಗಿಳಿಸಿ ಎರಡು ಬೆಲ್ಲೋಸಿನ ಬಳಿಯೂ ಪೈಪಿನ ಮೇಲೆ ಸೀಮೆಸುಣ್ಣದ ಗೆರೆ ಹಾಕಿದ.

"ಬಿಡೋ ಕಲಂದರಾ. ಸಾವಕಾಶ ಬಿಡು."

ಕಲಂದರಸಾಬ ಬಿಸ್ಮಿಲ್ಲಾ ಎಂದು ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿದ. ಪೈಪು ಟಿಕ್ ಎಂದಿತು. ಟಿಕ್ ಟಿಕ್ ಎಂದಿತು. ಕಂಬಗಳ ಮೇಲೆ ಮೆಲ್ಲನೆ ಜಾರಿತು. ಬೆಲ್ಲೋಸಿನ ಮಡಿಕೆಗಳು ಒಂದಕ್ಕೊಂದು ಹತ್ತಿರ ಸರಿದವು, ಬೆಕ್ಕು ಮೈ ಮುದುಡಿದ ಹಾಗೆ. ಒಂದು ಗೆರೆ ಎರಡಿಂಚು ಸರಿಯಿತು. ಇನ್ನೊಂದು ಗೆರೆ ಎರಡಿಂಚು ಸರಿಯಿತು. ಒಂದು ಹನಿ ಸೋರಲಿಲ್ಲ. ಅತಿಥಿಗಳು ಚಪ್ಪಾಳೆ ತಟ್ಟಿದರು. "ನಕ್ಷೆ ಯಾರದು?" ಎಂದು ಒಬ್ಬರು ಕೇಳಿದರು. ಗುರುಪಾದಪ್ಪ ಬಾಯಿ ತೆರೆದರು. ಏಣಿಯ ಮೇಲೆ ಪಾನಾ ಹಿಡಿದು ಕುಳಿತವನನ್ನು ಒಮ್ಮೆ ನೋಡಿ, ಲಾಡು ಬಾಯಿಗೆ ಹಾಕಿಕೊಂಡರು.

ಇಲ್ಲಿಗೇ ಮುಗಿದಿದ್ದರೆ ಅದು ಒಂದು ದಿನದ ಕಥೆ. ಹದಿನಾರು ಮಂದಿಗೆ ಒಂದು ದಿನ ಸಾಲದಾಯಿತು.

ದಶಮಿಯ ರಜೆ ಕಳೆದು ಏಕಾದಶಿಯ ಮುಂಜಾನೆ ಖಾನಾಪುರದ ಬಸ್ಸು ನಿಂತಿತು. ಹದಿನಾರು ಮಂದಿ ಇಳಿದರು. ಗೋಡೆಯ ಗುಂಟ ಯಾರೂ ತಿರುಗಲಿಲ್ಲ. ದೊಡ್ಡ ಗೇಟಿನ ಮುಂದೆ ನಿಂತರು. ಕಾವಲುಗಾರ ಕಂಗಾಲಾದ. ಬಾಯ್ಲರ್ ಹೊತ್ತಿಸಬೇಕಾದ ಕಲಂದರಸಾಬನೂ ಸೈಕಲ್ಲು ಒರಗಿಸಿ ಅವರ ಸಾಲಿನಲ್ಲಿ ನಿಂತಿದ್ದ. "ನಂಗೂ ಇಲ್ಲೇ ಗಾಳಿ ಚೊಲೋ ಬರತೈತಿ" ಎನ್ನುತ್ತ.

ಬಾಳಾಸಾಹೇಬರ ಕಾರು ಬಂತು. ಇಳಿದರು. ಹುಬ್ಬು ಗಂಟಿಕ್ಕಿದರು. ಬೂದಿ ಬಾಗಿಲಿನ ಕಡೆಗೆ ತೋರಿಸಲು ಬಲಗೈ ಎತ್ತಿದರು.

ಸಾತವ್ವ ಮುಂದೆ ಬಂದು ಆ ಕೈಯಲ್ಲಿ ಬನ್ನಿಯೆಲೆ ಇಟ್ಟಳು. ಮೇಲಿನಿಂದ ಹಾಕಲಿಲ್ಲ. ಅಂಗೈಗೆ ಅಂಗೈ ತಾಗಿಸಿ ಇಟ್ಟಳು.

"ಬಂಗಾರ ತಗೋರಿ ಸಾವಕಾರ್ರ. ಬಂಗಾರದಂಗ ಇರೂಣು."

ದಸರೆಯ ಹೊತ್ತಿಗೆ ಬಂಗಾರವೆಂದು ಬನ್ನಿ ಕೊಡುವ ದಿನಗಳಲ್ಲಿ ಕೊಟ್ಟ ಬನ್ನಿಯನ್ನು ಬೇಡವೆನ್ನುವಂತಿಲ್ಲ. ವೈರಿ ಕೊಟ್ಟರೂ ತೆಗೆದುಕೊಳ್ಳಬೇಕು. ಚೆಲ್ಲಿದರೆ ಮನೆಯ ಲಕ್ಷ್ಮಿಯನ್ನೇ ಚೆಲ್ಲಿದ ಹಾಗೆ. ಬಾಳಾಸಾಹೇಬರು ಹಿಡಿದುಕೊಂಡರು. ಉಳವಪ್ಪ ಕೊಟ್ಟ. ಅವನ ಹಿಂದಿನವನು ಕೊಟ್ಟ. ಮುದುಕಿಯೊಬ್ಬಳು ಅವರ ಬೆರಳುಗಳನ್ನು ತಾನೇ ಬಿಡಿಸಿ ಕೊಟ್ಟಳು. ಕಲಂದರಸಾಬನೂ ಕೊಟ್ಟ. ಹದಿನೇಳು ಜನರ ಬಂಗಾರ ಎರಡೂ ಕೈಗಳ ಬೊಗಸೆ ತುಂಬಿ ಎದೆಗೆ ಬಂತು. ಅಷ್ಟನ್ನೂ ಚೆಲ್ಲದಂತೆ ಹಿಡಿದು ನಿಂತ ಮನುಷ್ಯ ಯಾವ ಬಾಗಿಲಿನ ಕಡೆಗೆ ತಾನೇ ಕೈ ತೋರಿಸಬಲ್ಲ?

ಕಾವಲುಗಾರ ಮಾಲೀಕರ ಮುಖ ನೋಡಿದ. ಮಾಲೀಕರು ಎಲೆಗಳನ್ನು ನೋಡುತ್ತಿದ್ದರು. ಅವನು ಗೇಟು ತೆರೆದ. ಹದಿನಾರು ಮಂದಿ ಒಳಗೆ ನಡೆದರು.

ಇದನ್ನು ಕೇಳಿದವರ ಮನೆಯಲ್ಲಿ ಹಿಟ್ಟು ಬತ್ತದಿರಲಿ, ಹೆಗಲು ಸೋಲದಿರಲಿ. ಬಗ್ಗಿದ ಬೆನ್ನು ನೆಟ್ಟಗಾಗಲಿ. ಬಗ್ಗಿಸಿದ ಕೈಗೆ ನಾಚಿಕೆ ಬರಲಿ, ನಾಚಿದವರಿಗೂ ಕ್ಷಮೆಯಿರಲಿ. ಓದಿದವರಿಗೆ, ಓದಿಸಿ ಕೇಳಿದವರಿಗೆ, ಕೇಳಿ ಮತ್ತೊಬ್ಬರಿಗೆ ಹೇಳಿದವರಿಗೆ ಪರಶಿವನು ಆಯುಷ್ಯ ಕೊಡಲಿ, ಅನ್ನ ಕೊಡಲಿ, ಬೇಡವೆನ್ನಬೇಕಾದ ಹೊತ್ತಿಗೆ ಬೇಡವೆನ್ನುವ ಗಂಟಲು ಕೊಡಲಿ. ಎಲ್ಲರಿಗೂ ಶುಭವಾಗಲಿ.